ಎದೆಮಟ್ಟದ ಕಸಕ್ಕೆ ಎಂಥ ಬ್ರಷ್ ಕಟರ್?

ಧಾರವಾಡದ ಕೆಲಗೇರಿ ಆಚೆ ನಮ್ಮದು 12 ಗುಂಟೆ ಜಾಗ ಇದೆ. ಆರು ಹಳೇ ಆಪೂಸು ಮಾವಿನ ಗಿಡ, ಮೂರು ಹೊಸ ಕಸಿ ಗಿಡ, ಉಳಿದಲ್ಲಿ ಕಾಯಿಪಲ್ಲೆ. ಅವ್ವನ ಮೊಣಕಾಲು ಆಪರೇಷನ್ ಅಂತ ಒಂದಿಡೀ ಮಳೆಗಾಲ ಆ ಕಡೆ ಹಾಯಲಿಲ್ಲ. ದಸರೆಗೆ ಹೋಗಿ ನೋಡಿದರೆ ಗೇಟಿನಲ್ಲಿ ನಿಂತರೆ ಬಾವಿಯೇ ಕಾಣಲಿಲ್ಲ. ಎದೆಮಟ್ಟ ಕಾಂಗ್ರೆಸ್ ಕಸ, ಬೇಲಿಗುಂಟ ಲಂಟಾನ, ಕೆಳಗೆ ಕರಿಕೆ. ಆಳು ಕೇಳಿದರೆ ‘ಸೋಯಾ ರಾಶಿ ಮುಗೀಲಿ ತಡೀರಿ’ ಅಂದರು.

ಅವಸರಕ್ಕೆ ಆನ್‌ಲೈನ್‌ನಲ್ಲಿ ಒಂದು ಕರೆಂಟ್ ಮಷೀನು ತರಿಸಿದೆ. ತೆಳ್ಳನೆ ನೈಲಾನ್ ದಾರ ತಿರುಗುವಂಥದ್ದು. ಕರಿಕೆ ಕತ್ತರಿಸಿತು. ಕಾಂಗ್ರೆಸ್ ಕಸದ ಬುಡಕ್ಕೆ ತಗುಲಿದ ಕೂಡಲೇ ದಾರ ತುಂಡು ತುಂಡು. ಹತ್ತು ನಿಮಿಷಕ್ಕೆ ಮೋಟಾರಿನಿಂದ ಸುಟ್ಟ ವಾಸನೆ ಬಂತು. ಮಷೀನಿನ ತಪ್ಪಲ್ಲ, ಅದು ಲಾನ್‌ಗೆ ಮಾಡಿದ್ದು.

ಆಮೇಲೆ ಬ್ರಷ್ ಕಟರ್ ತರಲು ಹುಬ್ಬಳ್ಳಿಗೆ ಹೋದೆ. ಹೆಗಲಿಗೆ ತೂಗುಹಾಕಿಕೊಂಡು ಹಿಡಿಯುವ, ಉದ್ದ ಪೈಪಿನ ತುದಿಯಲ್ಲಿ ಬ್ಲೇಡು ತಿರುಗುವ ಪೆಟ್ರೋಲ್ ಮಷೀನು ಅದು. ಅಂಗಡಿಯಲ್ಲಿ ನಾನು ‘52 ಸಿಸಿದು ತೋರಿಸ್ರಿ’ ಅಂದರೆ ಮೆಕ್ಯಾನಿಕ್, ‘ಸಿಸಿ ಆಮ್ಯಾಲ ಸರ. ಮೊದಲ ಹೊಲದಾಗ ಏನ್ ಬೆಳದೈತಿ ಹೇಳ್ರಿ’ ಅಂದ. ಕಲ್ಲು ಅದಾವೇನು, ದಿನಾ ಎಷ್ಟು ತಾಸು ಹಿಡೀತೀರಿ ಅಂತಲೂ ಕೇಳಿದ. ಆ ಮೂರು ಪ್ರಶ್ನೆಯನ್ನು ನಾನು ಮೊದಲೇ ಕೇಳಿಕೊಂಡಿದ್ದರೆ ದುಡ್ಡು ಉಳಿಯುತ್ತಿತ್ತು.

ಟೂ ಸ್ಟ್ರೋಕ್ ಅಗ್ಗ, ಹಗುರ, ಜೋರು. ಆದರೆ ಪೆಟ್ರೋಲಿಗೆ ಆಯಿಲ್ ಬೆರೆಸಬೇಕು. ಕೆಲವು ಮಷೀನಿಗೆ ಲೀಟರಿಗೆ 20 ಮಿಲಿ, ಕೆಲವಕ್ಕೆ 40 ಮಿಲಿ. ಒಮ್ಮೆ ಮರೆತರೂ ಪಿಸ್ಟನ್ ಜಾಮ್. ನನ್ನ ಮರೆವು ನನಗೆ ಗೊತ್ತು. ಅದಕ್ಕೇ 35 ಸಿಸಿ ಫೋರ್ ಸ್ಟ್ರೋಕ್ ತಗೊಂಡೆ. ಅದರಲ್ಲಿ ಆಯಿಲ್ ಬೇರೆ, ಸುಮಾರು 100 ಮಿಲಿ. ಇಷ್ಟು ಸಣ್ಣ ಇಂಜಿನ್ನಿಗೆ ಸ್ವಲ್ಪ ಕಮ್ಮಿಯಾದರೂ ಕೇಡು, ಹಾಗಾಗಿ ಪ್ರತಿ ಸಲ ನೋಡಿಯೇ ಸ್ಟಾರ್ಟ್ ಮಾಡುತ್ತೇನೆ. ನೇರ ಪೈಪು, ಸೈಕಲ್ಲಿನಂಥ ಹ್ಯಾಂಡಲ್. ಜೊತೆಗೆ ಕೊಟ್ಟ ಒಂದು ಹೆಗಲಿನ ಬೆಲ್ಟು ಅರ್ಧ ತಾಸಿಗೇ ಹೆಗಲು ಕಿತ್ತಿತು. ಎರಡು ಹೆಗಲಿನದನ್ನು ಬೇರೆ ಕೊಂಡೆ.

ಅಸಲು ವಿಷಯ ಬ್ಲೇಡಿನದು. ಕಾಂಗ್ರೆಸ್ ಕಸಕ್ಕೆ ಮೂರು ಹಲ್ಲಿನ ಬ್ಲೇಡು ಸಾಕು. ಲಂಟಾನದ ಕಟ್ಟಿಗೆಯಂಥ ಬುಡಕ್ಕೆ ಗರಗಸದ ಹಾಗೆ ಸುತ್ತಲೂ ಹಲ್ಲಿರುವ ಬ್ಲೇಡು ಬೇಕು. ಕಲ್ಲಿನ ಬದುವಿನ ಪಕ್ಕ ನೈಲಾನ್ ದಾರ. ದಾರವನ್ನು ಹಿಂದಿನ ರಾತ್ರಿ ನೀರಲ್ಲಿ ನೆನೆಸಿಟ್ಟರೆ ಪಟಪಟ ಮುರಿಯೋದಿಲ್ಲ. ಎತ್ತರದ ಕಸವನ್ನು ಒಂದೇ ಏಟಿಗೆ ಬುಡದಲ್ಲಿ ಹೊಡೆದರೆ ಅದು ಬ್ಲೇಡು ತಿರುಗಿಸುವ ಗೇರಿನ ಡಬ್ಬಿಗೆ ಸುತ್ತಿಕೊಳ್ಳುತ್ತದೆ. ಮೊದಲು ಸೊಂಟದ ಮಟ್ಟಕ್ಕೆ, ಆಮೇಲೆ ಕೆಳಗೆ. ಬಲದಿಂದ ಎಡಕ್ಕೆ ಬೀಸಬೇಕು, ಆಗ ಕಡಿದದ್ದು ಎಡಕ್ಕೇ ಬೀಳುತ್ತದೆ. ಕಲ್ಲು ಗುಂಡಿನ ಹಾಗೆ ಹಾರುತ್ತದೆ, ಸುತ್ತ 15 ಮೀಟರ್‌ನಲ್ಲಿ ಯಾರೂ ಇರಬಾರದು. ಕನ್ನಡಕ ಬೇಕೇ ಬೇಕು.

ಮೊದಲ ದಿನ ಬ್ಲೇಡು ಬದಲಿಸಲು ನಟ್ಟಿನ ಜೊತೆ ಅರ್ಧ ತಾಸು ಗುದ್ದಾಡಿದೆ. ಫೋನ್ ಮಾಡಿದರೆ ಮೆಕ್ಯಾನಿಕ್ ನಕ್ಕ. ಅದು ಉಲ್ಟಾ ಥ್ರೆಡ್! ಬಲಕ್ಕೆ ತಿರುವಿದರೆ ಬಿಚ್ಚುತ್ತದೆ.

ದೊಡ್ಡ ನಷ್ಟ ಆಗಿದ್ದು ಕಸಿ ಗಿಡದ್ದು. ಬುಡ ಚೊಕ್ಕ ಕಾಣಲಿ ಅಂತ ದಾರ ಹಾಕಿ ಸುತ್ತಲೂ ಹೊಡೆದೆ. ತೊಗಟೆ ಬಳೆಯ ಹಾಗೆ ಸುಲಿದು ಹೋಗಿತ್ತು, ನಾನು ನೋಡಲೇ ಇಲ್ಲ. ಕೆಲವು ವಾರಕ್ಕೆ ಎಲೆ ಬಾಡಿದವು. ಪಕ್ಕದ ಹೊಲದ ಕಾಕಾ ಬಂದು, ‘ಕಸಾನೂ ಹೋತು, ಗಿಡಾನೂ ಹೋತು, ಅಲ್ಲೇನೋ ತಮ್ಮಾ?’ ಅಂದರು. ಈಗ ಎಳೆ ಗಿಡದ ಸುತ್ತ ಎರಡು ಅಡಿ ಕುರ್ಪಿಯಿಂದಲೇ ತೆಗೆಯುತ್ತೇನೆ.

ಇನ್ನೊಂದು ಮಾತು. ಹೂಬಿಟ್ಟ ಕಾಂಗ್ರೆಸ್ ಕಸ ಕಡಿದ ರಾತ್ರಿ ಎರಡೂ ಕೈ ಉರಿ, ತುರಿಕೆ. ತುಂಬು ತೋಳಿನ ಅಂಗಿ ಹಾಕಿಕೊಂಡಿರಲಿಲ್ಲ. ಅಷ್ಟು ಕಷ್ಟಪಟ್ಟು ಕಡಿದರೂ ಮೂರು ವಾರಕ್ಕೆ ಕೂಳೆಯಿಂದ ಮತ್ತೆ ಚಿಗುರು. ಬ್ರಷ್ ಕಟರ್ ದಾರಿ ಬಿಡಿಸಿಕೊಡುತ್ತದೆ, ಬೇರು ಕೀಳೋದಿಲ್ಲ. ಈ ವರ್ಷ ಮೊದಲ ಮಳೆಗೆ, ಹೂವಾಗುವ ಮುಂಚೆ, ಹಸಿ ಮಣ್ಣಿನಲ್ಲಿ ಕೈಗವಸು ಹಾಕಿ ಎರಡು ಭಾನುವಾರ ಕಿತ್ತೆವು. ಮಷೀನಿನ ಕೆಲಸ ಅರ್ಧಕ್ಕೆ ಇಳಿಯಿತು.

ಆ ಕರೆಂಟ್ ಮಷೀನನ್ನು ವಿದ್ಯಾನಗರದ ತಂಗಿಗೆ ಕೊಟ್ಟೆ. ಅವಳ ಅಂಗಳದ ಹುಲ್ಲನ್ನು ಈಗಲೂ ಚೆನ್ನಾಗಿಯೇ ಕತ್ತರಿಸುತ್ತದೆ.