ಊರಿಗೆ ಹೋದಾಗ ಅಪ್ಪನ ಫೋನಿಗೆ ಅರ್ಧ ಗಂಟೆ ಕೊಡಿ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಎಷ್ಟೋ ತೋಟದ ಮನೆಗಳಲ್ಲಿ ಈಗ ಇರುವುದು ಅಪ್ಪ, ಅಮ್ಮ ಇಬ್ಬರೇ. ಅಡಿಕೆ ಮಾರಿದ ದುಡ್ಡು ಖಾತೆಗೆ ಬೀಳುವ ಕಾಲವೂ ಮದುವೆ ಕಾಲವೂ ಹೆಚ್ಚುಕಮ್ಮಿ ಒಂದೇ, ಅಲ್ವಾ? ಆಗಲೇ ವಾಟ್ಸಾಪಿಗೆ ಕಳ್ಳರ ನಕಲಿ ಮದುವೆ ಕಾಗದವೂ ಬರುತ್ತದೆ. ಎಷ್ಟೋ ಸಲ ಗುರುತಿನವರ ನಂಬರಿನಿಂದಲೇ ಬರುತ್ತದೆ, ಯಾಕೆಂದರೆ ಅವರ ಫೋನು ಮೊದಲೇ ಕಳ್ಳರ ಕೈ ಸೇರಿರುತ್ತದೆ.

ನಿಜವಾದ ಕಾಗದ ಫೋಟೊ, ಪಿಡಿಎಫ್ ಅಥವಾ ವಿಡಿಯೊ ಆಗಿರುತ್ತದೆ. ಫೈಲಿನ ಹೆಸರಿನ ಕೊನೆಗೆ 'ಎಪಿಕೆ' (.apk) ಅಂತ ಇದ್ದರೆ ಅದು ಆ್ಯಪ್. ಅದನ್ನು ಹಾಕಿಕೊಂಡು ಕೇಳಿದ್ದಕ್ಕೆಲ್ಲ ಒಪ್ಪಿಗೆ ಕೊಟ್ಟರೆ, ಬರುವ ಎಸ್‌ಎಂಎಸ್ ಓದಿ ಒಟಿಪಿಯನ್ನು ಸದ್ದಿಲ್ಲದೆ ದಾಟಿಸಿಬಿಡುತ್ತದೆ. ಟ್ರಾಫಿಕ್ ದಂಡ, ಪಿಎಂ ಕಿಸಾನ್ ಹೆಸರಲ್ಲೂ ಇಂಥವು ಓಡಾಡುತ್ತಿವೆ.

ಹಾಗಾಗಿ ಮೊದಲ ಕೆಲಸ: ಆಂಡ್ರಾಯ್ಡ್ ಸೆಟ್ಟಿಂಗ್ಸ್‌ನಲ್ಲಿ 'ಇನ್‌ಸ್ಟಾಲ್ ಅನ್‌ನೋನ್ ಆ್ಯಪ್ಸ್' ಹುಡುಕಿ, ವಾಟ್ಸಾಪ್, ಕ್ರೋಮ್, ಫೈಲ್ಸ್ ಎಲ್ಲದಕ್ಕೂ ಆಫ್ ಮಾಡಿ. ಕೆಟ್ಟ ಆ್ಯಪ್‌ಗಳನ್ನು ಹುಡುಕುವ, ಪ್ಲೇ ಸ್ಟೋರಿನ ಪ್ಲೇ ಪ್ರೊಟೆಕ್ಟ್ ಆನ್ ಇರಲಿ. ಅಪ್ಪನ ವಾಟ್ಸಾಪ್ ಬೇರೆ ಯಾವ ಕಂಪ್ಯೂಟರ್, ಫೋನಿನಲ್ಲಿ ತೆರೆದಿದೆ ಅಂತ 'ಲಿಂಕ್ಡ್ ಡಿವೈಸಸ್'ನಲ್ಲಿ ನೋಡಿ, ಗೊತ್ತಿಲ್ಲದ್ದು ಇದ್ದರೆ ತೆಗೆಯಿರಿ.

ಎರಡನೆಯದು ನನ್ನ ಪ್ರಕಾರ ಇದಕ್ಕಿಂತ ಮುಖ್ಯ. ಯುಪಿಐಗೆ ಐದಾರು ಸಾವಿರ ಇರುವ ಸಣ್ಣ ಖಾತೆ ಸಾಕು. ಅಡಿಕೆ ದುಡ್ಡಿನ ಖಾತೆಗೆ, ಬ್ಯಾಂಕಿಗೆ ಹೋಗಿ, ಹಳೆ ಬಟನ್ ಫೋನಿನ ನಂಬರ್ ಜೋಡಿಸಿಬಿಡಿ. ಆಗ ಆ ಒಟಿಪಿ ಸ್ಮಾರ್ಟ್‌ಫೋನಿಗೆ ಬರುವುದೇ ಇಲ್ಲ.

ಇನ್ನು ಪೊಲೀಸ್ ಡ್ರೆಸ್ಸಿನವರ ವಿಡಿಯೊ ಕಾಲ್. 'ನಿಮ್ಮನ್ನು ಡಿಜಿಟಲ್ ಅರೆಸ್ಟ್ ಮಾಡಿದ್ದೇವೆ, ಕಾಲ್ ಕಟ್ ಮಾಡಬೇಡಿ' ಅಂತ ಹೆದರಿಸಿ ದುಡ್ಡು ಕೇಳುತ್ತಾರೆ. 'ಡಿಜಿಟಲ್ ಅರೆಸ್ಟ್' ಅನ್ನುವುದು ನಮ್ಮ ಕಾನೂನಿನಲ್ಲೇ ಇಲ್ಲ, 2024ರ ಅಕ್ಟೋಬರಿನ 'ಮನ್ ಕಿ ಬಾತ್'ನಲ್ಲಿ ಪ್ರಧಾನಿಯೂ ಇದನ್ನೇ ಹೇಳಿದ್ದರು. ಕಾಲ್ ಕಟ್ ಮಾಡಿದರೆ ಏನೂ ಆಗುವುದಿಲ್ಲ ಅಂತ ಅಮ್ಮನಿಗೆ ಎರಡು ಸಲ ಹೇಳಿ. ಇಂಥ ಮೋಸದ ದಂಧೆಯ ದೊಡ್ಡ ಅಡ್ಡೆಗಳು ಕಾಂಬೋಡಿಯಾ, ಮ್ಯಾನ್ಮಾರ್‌ನಲ್ಲಿವೆ. ಮ್ಯಾನ್ಮಾರ್ ಒಂದರಲ್ಲೇ ಕನಿಷ್ಠ 1,20,000 ಜನರನ್ನು ಈ ಕೆಲಸಕ್ಕೆ ಬಲವಂತವಾಗಿ ಹಿಡಿದಿಟ್ಟಿರಬಹುದು ಎಂದು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿ 2023ರಲ್ಲಿ ಹೇಳಿತ್ತು. ಅವರಲ್ಲಿ ನಮ್ಮ ದೇಶದ ಹುಡುಗರೂ ಇದ್ದಾರೆ, ಕೆಲಸ ಅಂತ ನಂಬಿ ಹೋದವರು. ಕಾರವಾರ, ಅಂಕೋಲಾ, ಭಟ್ಕಳದಲ್ಲಿ ಯಾರಿಗಾದರೂ 'ಥಾಯ್ಲೆಂಡಿನಲ್ಲಿ ಡಾಟಾ ಎಂಟ್ರಿ, ಕೈತುಂಬ ಸಂಬಳ' ಅಂತ ಕರೆ ಬಂದರೆ ಏಜೆಂಟನಿಗೆ ವಿದೇಶಾಂಗ ಇಲಾಖೆಯ ಲೈಸೆನ್ಸ್ ಇದೆಯಾ ಅಂತ ಮೊದಲು ನೋಡಿ.

ದುಡ್ಡು ಹೋಗೇಬಿಟ್ಟರೆ? ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಬೇರೆ ಫೋನಿನಿಂದ ತಕ್ಷಣ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು, ಆಮೇಲೆ ಬ್ಯಾಂಕಿಗೆ. ಕದ್ದ ದುಡ್ಡು ಖಾತೆಯಿಂದ ಖಾತೆಗೆ ಹಾರುತ್ತಾ ಹೋಗುತ್ತದೆ, ಬೇಗ ಹೇಳಿದರೆ ದಾರಿಯಲ್ಲೇ ತಡೆಯಬಹುದು. ನಮ್ಮೂರಿನ ಹಿರಿಯರೊಬ್ಬರು ಮಗ ಬೈಯುತ್ತಾನೆ ಅಂತ ಎರಡು ದಿನ ಸುಮ್ನೆ ಇದ್ದರು. ಅಷ್ಟರಲ್ಲಿ ಒಂದು ರೂಪಾಯಿಯೂ ಉಳಿದಿರಲಿಲ್ಲ. ನಾನು ಬೈಯುವುದಿಲ್ಲ ಅಂತ ಅಪ್ಪನಿಗೆ ಬಾಯಿಬಿಟ್ಟು ಹೇಳಿಯೇ ಬನ್ನಿ. 1930 ಅಂತ ದಪ್ಪ ಅಕ್ಷರದಲ್ಲಿ ಬರೆದು ಜಗುಲಿಯ ಕ್ಯಾಲೆಂಡರ್ ಪಕ್ಕ ಅಂಟಿಸಿ. ಮನೆಯಲ್ಲಿ ನೆಟ್‌ವರ್ಕ್ ಸಿಗದಿದ್ದರೆ ಯಾವ ಮನೆಯ ಫೋನಿನಿಂದ ಕರೆ ಮಾಡಬೇಕು ಅನ್ನುವುದನ್ನೂ ಅದರ ಕೆಳಗೇ ಬರೆದಿಡಿ.