ಪಿಆರ್ ಕಾರ್ಡ್ ಅವಧಿ ಮುಗಿಯುತ್ತಿದೆ, ಕೆನಡಾಕ್ಕೆ ವಾಪಸ್ ಹೋಗುವುದು ಹೇಗೆ?

ಕೆನಡಾ ಪಿಆರ್ (ಪರ್ಮನೆಂಟ್ ರೆಸಿಡೆನ್ಸಿ, ಅಂದರೆ ಅಲ್ಲಿ ಕಾಯಂ ಆಗಿ ನೆಲೆಸುವ ಹಕ್ಕು) ಸಿಕ್ಕಿತು, ಹೋಗಿ ಲ್ಯಾಂಡ್ ಆಗಿದ್ದೂ, ಅಂದರೆ ಪಿಆರ್ ಆಗಿ ಮೊದಲ ಸಲ ಅಲ್ಲಿ ಕಾಲಿಟ್ಟಿದ್ದೂ ಆಯಿತು, ಕೆಲವು ತಿಂಗಳು ಇದ್ದು ವಾಪಸ್ ಬಂದಿದ್ದೂ ಆಯಿತು. ಆಮೇಲೆ ಅಪ್ಪನ ಆಪರೇಷನ್ನೋ, ಮಗಳ ಹತ್ತನೇ ಕ್ಲಾಸೋ, ಇಲ್ಲೇ ಸಿಕ್ಕ ಒಳ್ಳೆಯ ಕೆಲಸವೋ, ಏನೋ ಒಂದು ಕಾರಣಕ್ಕೆ ವರ್ಷಗಳು ಉರುಳಿದವು. ಈಗ ಕಾರ್ಡ್ ತೆಗೆದು ನೋಡಿದರೆ ಅವಧಿ ಮುಗಿಯುತ್ತಾ ಬಂದಿದೆ, ಇಲ್ಲವೇ ಮುಗಿದೇ ಹೋಗಿದೆ. ಈ ಹಂತದಲ್ಲಿ ಕೆಲವರು 'ಹೋಯ್ತು ಬಿಡು' ಅಂತ ಕೈಚೆಲ್ಲುತ್ತಾರೆ. ಇನ್ನು ಕೆಲವರು ಯಾವ ಲೆಕ್ಕವನ್ನೂ ಹಾಕದೆ ಟಿಕೆಟ್ ಬುಕ್ ಮಾಡುತ್ತಾರೆ. ಎರಡೂ ಬೇಡ. ಒಂದು ಸಂಜೆ ಕೂತು ಹಳೆಯ ಪಾಸ್‌ಪೋರ್ಟ್‌ಗಳನ್ನೆಲ್ಲ ಮುಂದೆ ಹರಡಿಕೊಳ್ಳಿ, ಕೆಲಸ ಅಲ್ಲಿಂದ ಶುರು.

ಮೊದಲು ಒಂದು ವಿಷಯ ಗಟ್ಟಿ ಮಾಡಿಕೊಳ್ಳಿ. ಕಾರ್ಡ್‌ನ ಅವಧಿ ಮುಗಿದರೆ ಪಿಆರ್ ಮುಗಿಯುವುದಿಲ್ಲ. ಕಾರ್ಡ್ ಬರೀ ಪ್ರಯಾಣದ ದಾಖಲೆ. ನೀವು ಕೆನಡಾದ ನಾಗರಿಕರಾದರೆ, ನೀವಾಗಿಯೇ ಪಿಆರ್ ಬಿಟ್ಟುಕೊಟ್ಟರೆ, ಅಧಿಕಾರಿಗಳು ನಿಮ್ಮ ವಿರುದ್ಧ ಕೊಟ್ಟ ತೀರ್ಮಾನ ಅಪೀಲಿನ ನಂತರವೂ ಅಂತಿಮವಾದರೆ, ಇಲ್ಲವೇ ದೇಶ ಬಿಡಬೇಕೆಂಬ ಆದೇಶ ಜಾರಿಗೆ ಬಂದರೆ ಮಾತ್ರ ಪಿಆರ್ ಹೋಗುತ್ತದೆ. ಹತ್ತು ವರ್ಷ ಹೊರಗಿದ್ದರೂ ಅಷ್ಟೇ, ತನ್ನಷ್ಟಕ್ಕೆ ತಾನೇ ಅದು ರದ್ದಾಗುವುದಿಲ್ಲ. ಹಾಗಂತ ಉಳಿಸಿಕೊಳ್ಳುವುದು ಸುಲಭ ಅಂತಲೂ ಅಲ್ಲ.

ದಿನಗಳ ಲೆಕ್ಕ

ನಿಯಮ ಹೀಗಿದೆ: ಯಾವುದೇ 5 ವರ್ಷದ ಅವಧಿಯಲ್ಲಿ ಕನಿಷ್ಠ 730 ದಿನ ಕೆನಡಾದಲ್ಲಿ ಇರಬೇಕು. ಒಂದೇ ಸಲ ಇರಬೇಕು ಅಂತಿಲ್ಲ, ಬಿಟ್ಟು ಬಿಟ್ಟು ಇದ್ದರೂ ಆಗುತ್ತದೆ. ಅಲ್ಲಿ ಕಾಲಿಟ್ಟ ದಿನ, ಅಲ್ಲಿಂದ ಹೊರಟ ದಿನ ಎರಡೂ ಲೆಕ್ಕಕ್ಕೆ ಸೇರುತ್ತವೆ. ಅಧಿಕಾರಿ ನಿಮ್ಮ ಕೇಸನ್ನು ನೋಡುವ ದಿನದಿಂದ ಹಿಂದಕ್ಕೆ 5 ವರ್ಷ ಎಣಿಸುತ್ತಾರೆ. ಲ್ಯಾಂಡ್ ಆಗಿ ಇನ್ನೂ 5 ವರ್ಷ ಆಗಿಲ್ಲ ಎಂದರೆ, ಐದನೇ ವರ್ಷ ತುಂಬುವಷ್ಟರಲ್ಲಿ 730 ದಿನ ಮುಟ್ಟಲು ಸಾಧ್ಯವಾ ಅಂತ ನೋಡುತ್ತಾರೆ.

ಬಹಳ ಜನ ಎಡವುವುದು ಇಲ್ಲೇ. ಕಾರ್ಡ್ ಮೇಲಿನ ತಾರೀಕನ್ನೇ ಗಡುವು ಅಂದುಕೊಳ್ಳುತ್ತಾರೆ. ಒಂದು ಉದಾಹರಣೆ ನೋಡಿ. ನೀವು 2021ರ ಜೂನ್ 10ಕ್ಕೆ ಲ್ಯಾಂಡ್ ಆದಿರಿ, ಕಾರ್ಡ್ ಸೆಪ್ಟೆಂಬರ್‌ನಲ್ಲಿ ತಯಾರಾಗಿ ಕೈಗೆ ಬಂತು, ಅದರ ಮೇಲೆ 2026ರ ಸೆಪ್ಟೆಂಬರ್ ಅಂತಿದೆ. ಆದರೆ ನಿಮ್ಮ 5 ವರ್ಷ ತುಂಬುವುದು 2026ರ ಜೂನ್ 10ಕ್ಕೆ. ನೀವು 2022ರ ಫೆಬ್ರವರಿ 10ರವರೆಗೆ ಅಲ್ಲಿದ್ದಿರಿ ಅಂದುಕೊಳ್ಳಿ, ಅದು ಸುಮಾರು 245 ದಿನ. ಬಾಕಿ 485 ದಿನ ಬೇಕು. ಅಂದರೆ 2025ರ ಫೆಬ್ರವರಿ 10ರ ಹೊತ್ತಿಗೆ ವಾಪಸ್ ಹೋಗಿರಬೇಕಿತ್ತು, ಕಾರ್ಡ್‌ನಲ್ಲಿ ಒಂದೂವರೆ ವರ್ಷ ಬಾಕಿ ಇರುವಾಗಲೇ! 5 ವರ್ಷ ದಾಟಿದ ಮೇಲೆ ಇನ್ನೊಂದು ತೊಂದರೆ ಶುರುವಾಗುತ್ತದೆ. ಲೆಕ್ಕದ ಅವಧಿ ಮುಂದೆ ಸರಿಯುತ್ತಾ ಹೋದ ಹಾಗೆ ಆ ಹಳೆಯ 245 ದಿನಗಳು ದಿನಕ್ಕೊಂದರಂತೆ ಕಳಚಿಕೊಳ್ಳುತ್ತವೆ.

ಪಾಸ್‌ಪೋರ್ಟ್ ಸ್ಟಾಂಪ್, ಬೋರ್ಡಿಂಗ್ ಪಾಸ್, ಟಿಕೆಟ್ ಇಮೇಲ್ ಎಲ್ಲ ಇಟ್ಟುಕೊಂಡು ಪ್ರತಿ ಪ್ರಯಾಣವನ್ನೂ ಒಂದು ಶೀಟಿನಲ್ಲಿ ಬರೆಯಿರಿ. ನೆನಪಿಲ್ಲದಿದ್ದರೆ ಕೆನಡಾದ ಗಡಿ ಇಲಾಖೆಯಾದ ಸಿಬಿಎಸ್‌ಎಯಿಂದ ನಿಮ್ಮ ಪ್ರಯಾಣದ ದಾಖಲೆಯನ್ನೇ ಕೇಳಿ ಪಡೆಯಬಹುದು. ಅವರು ಈಗ ಬಂದಿದ್ದನ್ನಷ್ಟೇ ಅಲ್ಲ, ಹೊರಟಿದ್ದನ್ನೂ ದಾಖಲಿಸುತ್ತಾರೆ. ಹಾಗಾಗಿ ಅಂದಾಜಿನ ತಾರೀಕು ಬರೆಯಲೇಬೇಡಿ.

ಹೊರಗಿದ್ದ ದಿನವೂ ಕೆಲವೊಮ್ಮೆ ಸೇರುತ್ತದೆ

ನಿಮ್ಮ ಗಂಡ ಅಥವಾ ಹೆಂಡತಿ ಕೆನಡಾದ ನಾಗರಿಕರಾಗಿದ್ದು ಅವರ ಜೊತೆ ಹೊರಗೆ ವಾಸವಿದ್ದರೆ ಆ ದಿನಗಳು ಲೆಕ್ಕಕ್ಕೆ ಬರುತ್ತವೆ. ಚಿಕ್ಕ ಮಕ್ಕಳು ನಾಗರಿಕರಾದ ಅಪ್ಪ ಅಮ್ಮನ ಜೊತೆ ಇದ್ದರೂ ಹಾಗೆಯೇ. ಗಮನಿಸಿ, ಇದು ಉಲ್ಟಾ ನಡೆಯುವುದಿಲ್ಲ. ಅಲ್ಲಿ ಹುಟ್ಟಿದ ಮಗು ನಾಗರಿಕ ಅನ್ನುವ ಕಾರಣಕ್ಕೆ ಅಪ್ಪ ಅಮ್ಮನ ದಿನಗಳು ಸೇರುವುದಿಲ್ಲ.

ಕೆನಡಾದ ಕಂಪನಿ ಅಥವಾ ಸರ್ಕಾರದ ಪರವಾಗಿ ಹೊರದೇಶದಲ್ಲಿ ಫುಲ್ ಟೈಮ್ ಕೆಲಸ ಮಾಡಿದ ದಿನಗಳೂ ಸೇರುತ್ತವೆ. 'ನಮ್ಮದು ಕೆನಡಾ ಕಂಪನಿಯೇ, ನಾನು ಅದರ ಬೆಂಗಳೂರು ಆಫೀಸಿನಲ್ಲಿದ್ದೀನಿ, ಸಾಕಲ್ವಾ?' ಅಂತ ಕೇಳುವವರು ತುಂಬಾ ಜನ. ಸಾಮಾನ್ಯವಾಗಿ ಸಾಕಾಗುವುದಿಲ್ಲ. ಕೆನಡಾದ ಆಫೀಸೇ ನಿಮ್ಮನ್ನು ಇಷ್ಟು ಕಾಲಕ್ಕೆ ಅಂತ ಹೊರಗೆ ಕಳಿಸಿರಬೇಕು, ಮುಗಿದ ಮೇಲೆ ಅಲ್ಲಿಯ ಕೆಲಸಕ್ಕೇ ಮರಳುವಂತಿರಬೇಕು. ಇಲ್ಲೇ ಇಂಟರ್‌ವ್ಯೂ ಕೊಟ್ಟು ಇಲ್ಲೇ ಸೇರಿಕೊಂಡಿದ್ದರೆ ಅದನ್ನು ನಂಬಿ ಕೂರಬೇಡಿ.

ಯಾವ ದಾರಿಯಲ್ಲಿ ಹೋಗುವುದು

ಕಾರ್ಡ್ ಇನ್ನೂ ಚಾಲ್ತಿಯಲ್ಲಿದ್ದರೆ, ದಿನಗಳು ಕಮ್ಮಿ ಇದ್ದರೂ ಸರಿ, ಅದರ ಅವಧಿ ಮುಗಿಯುವ ಮೊದಲೇ ಹೊರಟುಬಿಡಿ. ಏರ್‌ಲೈನ್‌ನವರು ಕಾರ್ಡ್ ನೋಡುತ್ತಾರೆ, ದಿನ ಎಣಿಸುವುದಿಲ್ಲ. ಅದನ್ನು ಕೇಳುವವರು ಅಲ್ಲಿಯ ಗಡಿ ಅಧಿಕಾರಿ. ನನ್ನ ಪ್ರಕಾರ ಈ ಇಡೀ ವಿಷಯದಲ್ಲಿ ಇದಕ್ಕಿಂತ ಮುಖ್ಯವಾದ ಸಲಹೆ ಇನ್ನೊಂದಿಲ್ಲ. ಗಡಿಯಲ್ಲಿ ತೀರ್ಮಾನ ನಿಮ್ಮ ವಿರುದ್ಧ ಬಂದರೂ ನೀವು ಕೆನಡಾದ ಒಳಗಿರುತ್ತೀರಿ, ಅಲ್ಲಿದ್ದುಕೊಂಡೇ ಅಪೀಲು ಮಾಡಬಹುದು.

ಕಾರ್ಡ್ ಮುಗಿದಿದ್ದರೆ ವಿಮಾನ ಹತ್ತಲು ಪಿಆರ್ ಟ್ರಾವೆಲ್ ಡಾಕ್ಯುಮೆಂಟ್ ಬೇಕು, ಎಲ್ಲರೂ ಪಿಆರ್‌ಟಿಡಿ ಅನ್ನುತ್ತಾರೆ. ಇದಕ್ಕೆ ಕೆನಡಾದ ಹೊರಗಿಂದಲೇ ಅರ್ಜಿ ಹಾಕಬೇಕು. ಫಾರಂ ಸಂಖ್ಯೆ ಐಎಂಎಂ 5524, ಶುಲ್ಕ 50 ಕೆನಡಾ ಡಾಲರ್. ಕಾರ್ಡ್ ನವೀಕರಣಕ್ಕೆ ಭಾರತದಿಂದ ಅರ್ಜಿ ಹಾಕಲು ಹೋಗಬೇಡಿ. ಅದನ್ನು ಕೆನಡಾದಲ್ಲಿದ್ದುಕೊಂಡೇ ಮಾಡಬೇಕು. ವಿಸಿಟರ್ ವೀಸಾ ತೆಗೆದುಕೊಂಡು ಹೋಗೋಣ ಅನ್ನುವ ಯೋಚನೆಯೂ ಬೇಡ, ಪಿಆರ್ ಇರುವವರಿಗೆ ಅದನ್ನು ಕೊಡುವುದೇ ಇಲ್ಲ.

ಇನ್ನೊಂದು ದಾರಿ ಅಮೆರಿಕದ ಮೂಲಕ. ಅಮೆರಿಕ ವೀಸಾ ಇದ್ದರೆ ಅಲ್ಲಿಗೆ ಹಾರಿ, ಖಾಸಗಿ ಕಾರಿನಲ್ಲಿ ಗಡಿ ದಾಟಬಹುದು. ಉದಾಹರಣೆಗೆ ಬಫಲೋ ಕಡೆಯಿಂದ ಪೀಸ್ ಬ್ರಿಜ್ ದಾಟಿದರೆ ಒಂಟಾರಿಯೊದ ಫೋರ್ಟ್ ಈರಿ. ಬಾಡಿಗೆ ಕಾರೂ ಆಗುತ್ತದೆ. ಬಸ್ಸು, ರೈಲು ಆಗುವುದಿಲ್ಲ, ಅವರೂ ಏರ್‌ಲೈನ್‌ನವರ ಹಾಗೆ ಕಾರ್ಡ್ ಕೇಳುತ್ತಾರೆ. ಗಡಿಯಲ್ಲಿ ಪಾಸ್‌ಪೋರ್ಟ್ ಮತ್ತು ಮುಗಿದ ಕಾರ್ಡನ್ನೇ ತೋರಿಸಿ. ನೀವು ಪಿಆರ್ ಅಂತ ಖಾತ್ರಿಯಾದರೆ ಒಳಗೆ ಬಿಡಲೇಬೇಕು. ಅದು ಕಾನೂನು ಕೊಟ್ಟ ಹಕ್ಕು. ಹಾಗಂತ ದಿನಗಳ ಪ್ರಶ್ನೆ ಅಲ್ಲೂ ತಪ್ಪುವುದಿಲ್ಲ.

ಕಾರಣ ಬರೆಯುವಾಗ

ದಿನಗಳು ಕಮ್ಮಿ ಇದ್ದರೆ ಮಾನವೀಯ ನೆಲೆಯಲ್ಲಿ ಪರಿಗಣಿಸಿ ಅಂತ ಕೇಳುವ ಅವಕಾಶವಿದೆ. ಎಷ್ಟು ದಿನ ಕಮ್ಮಿ ಬಿತ್ತು, ಯಾಕೆ ಹೊರಟಿರಿ, ಯಾಕೆ ಅಷ್ಟು ಕಾಲ ಹೊರಗೇ ಉಳಿದಿರಿ, ಅವಕಾಶ ಸಿಕ್ಕ ಕೂಡಲೇ ವಾಪಸ್ ಬರಲು ನೋಡಿದಿರಾ, ಅಲ್ಲಿ ನಿಮಗೆ ಏನು ನಂಟಿದೆ, ಪಿಆರ್ ಹೋದರೆ ಯಾರಿಗೆ ಕಷ್ಟ, ಮಕ್ಕಳಿದ್ದರೆ ಅವರಿಗೆ ಏನಾಗುತ್ತದೆ, ಇದನ್ನೆಲ್ಲ ನೋಡುತ್ತಾರೆ. ಚಿಕ್ಕವರಿದ್ದಾಗ ಅಪ್ಪ ಅಮ್ಮ ಕೆನಡಾದಿಂದ ಇಲ್ಲಿಗೆ ಕರೆದುಕೊಂಡು ಬಂದಿದ್ದರೆ ಅದನ್ನು ಖಂಡಿತ ಹೇಳಿ. ವಾಪಸ್ ಬರುವುದು ಬಿಡುವುದು ಆಗ ನಿಮ್ಮ ಕೈಯಲ್ಲಿರಲಿಲ್ಲವಲ್ಲ.

ಪತ್ರದಲ್ಲಿ 'ಅಮ್ಮನಿಗೆ ಹುಷಾರಿರಲಿಲ್ಲ, ಅದಕ್ಕೇ ಬರಲಾಗಲಿಲ್ಲ' ಅಂತ ಒಂದು ಸಾಲು ಬರೆದರೆ ಏನೂ ಆಗುವುದಿಲ್ಲ. ಹೀಗೆ ಬರೆಯಿರಿ: '2022ರ ಆಗಸ್ಟ್‌ನಲ್ಲಿ ಅಮ್ಮನಿಗೆ ಲಕ್ವ ಹೊಡೆಯಿತು. ಬಲಗಡೆ ಸ್ವಾಧೀನ ಹೋಯಿತು. ಆಗ ಮನೆಯಲ್ಲಿ ನೋಡಿಕೊಳ್ಳಲು ನಾನೊಬ್ಬನೇ ಇದ್ದೆ. 2024ರ ಡಿಸೆಂಬರ್‌ನಲ್ಲಿ ತಂಗಿ ಊರಿಗೆ ಬಂದು ಜವಾಬ್ದಾರಿ ತೆಗೆದುಕೊಂಡಳು. ಮುಂದಿನ ತಿಂಗಳೇ ನಾನು ಹೊರಡುವ ತಯಾರಿ ಶುರು ಮಾಡಿದೆ.' ಒಂದೊಂದು ವಾಕ್ಯಕ್ಕೂ ಒಂದು ಕಾಗದ ಇರಲಿ: ಆಸ್ಪತ್ರೆಯ ಡಿಸ್ಚಾರ್ಜ್ ಸಮರಿ, ಫಿಸಿಯೋಥೆರಪಿ ಬಿಲ್ಲು, ತಂಗಿಯ ಪತ್ರ. ಕನ್ನಡದಲ್ಲಿರುವ ದಾಖಲೆಗೆ ಇಂಗ್ಲಿಷ್ ಅನುವಾದ ಮಾಡಿಸಿ ಜೊತೆಗಿಡಿ. ಕೆನಡಾದ ಬ್ಯಾಂಕ್ ಖಾತೆ, ತೆರಿಗೆ ದಾಖಲೆ, ಅಲ್ಲಿರುವ ಬಂಧುಗಳು, ಹೊಸ ಕೆಲಸದ ಆಫರ್ ಇದ್ದರೆ ಅವೂ ಸೇರಲಿ. ಈ ಕಡತವನ್ನು ಪಿಆರ್‌ಟಿಡಿ ಅರ್ಜಿಯ ಜೊತೆ ಕಳಿಸಬೇಕು. ವಿಮಾನದಲ್ಲಿ ಹೋಗುತ್ತಿದ್ದರೆ ಕೈಚೀಲದಲ್ಲಿರಲಿ, ಚೆಕ್ ಇನ್ ಬ್ಯಾಗಿನಲ್ಲಿ ಅಲ್ಲ.

ದಯವಿಟ್ಟು ಸುಳ್ಳು ಬರೆಯಬೇಡಿ, ಹೇಳಬೇಡಿ. ದಿನ ಕಮ್ಮಿ ಇರುವುದಕ್ಕೆ ಪರಿಹಾರ ಇದೆ. ಸುಳ್ಳು ಹೇಳಿ ಸಿಕ್ಕಿಬಿದ್ದರೆ ಪಿಆರ್ ಹೋಗುವುದರ ಜೊತೆಗೆ 5 ವರ್ಷ ಕೆನಡಾದ ಬಾಗಿಲೇ ಮುಚ್ಚಬಹುದು.

ಗಡಿಯಲ್ಲಿ ಮತ್ತು ಆಮೇಲೆ

'ಎಷ್ಟು ಕಾಲ ಹೊರಗಿದ್ದಿರಿ?' ಅನ್ನುವುದು ಮೊದಲ ಪ್ರಶ್ನೆ. ಕೇಳಿದ್ದಕ್ಕೆ ನೇರವಾಗಿ ಉತ್ತರಿಸಿ. ಅಧಿಕಾರಿ ಎಚ್ಚರಿಕೆ ಹೇಳಿ ಸುಮ್ನೆ ಬಿಡಬಹುದು, ಇಲ್ಲವೇ ನಿಮ್ಮ ಮೇಲೆ ವರದಿ ಬರೆಯಬಹುದು. ವರದಿಯ ಮೇಲೆ ದೇಶ ಬಿಡುವ ಆದೇಶ ಬಂದರೆ ಗಾಬರಿಯಾಗಿ ತಿರುಗಿ ವಿಮಾನ ಹತ್ತಬೇಡಿ. 30 ದಿನದೊಳಗೆ ಇಮಿಗ್ರೇಷನ್ ಅಪೀಲ್ ಡಿವಿಷನ್‌ಗೆ ಅಪೀಲು ಹಾಕಬೇಕು. ಅದು ಇತ್ಯರ್ಥ ಆಗುವವರೆಗೆ ನೀವು ಪಿಆರ್ ಆಗಿಯೇ ಇರುತ್ತೀರಿ, ಕೆಲಸವನ್ನೂ ಮಾಡಬಹುದು. ಆದರೆ ಅಪೀಲಿನಲ್ಲಿ ಸೋತರೆ, ವರದಿ ಬರೆದ ದಿನದ ನಂತರ ಅಲ್ಲಿದ್ದ ದಿನಗಳು 730ಕ್ಕೆ ಸೇರುವುದಿಲ್ಲ. ಈ ಹಂತಕ್ಕೆ ಬಂದರೆ ಲೈಸೆನ್ಸ್ ಇರುವ ಇಮಿಗ್ರೇಷನ್ ವಕೀಲರನ್ನೇ ಹಿಡಿಯಿರಿ, ಖರ್ಚಾದರೂ ಪರವಾಗಿಲ್ಲ.

ವರದಿ ಇಲ್ಲದೆ ಒಳಗೆ ಬಿಟ್ಟರೆ, ಹಿಂದಿನ 5 ವರ್ಷದ ಲೆಕ್ಕದಲ್ಲಿ 730 ದಿನ ಪೂರ್ತಿಯಾಗುವವರೆಗೆ ಅಲ್ಲೇ ಇದ್ದುಬಿಡಿ. ಅಲ್ಲಿಯವರೆಗೆ ಕಾರ್ಡ್ ನವೀಕರಣಕ್ಕೆ ಅರ್ಜಿ ಬೇಡ, ಮನೆಯವರನ್ನು ಕರೆಸಿಕೊಳ್ಳಲು ಯಾರಿಗೂ ಸ್ಪಾನ್ಸರ್ ಮಾಡುವುದು ಬೇಡ, ವಾರಾಂತ್ಯಕ್ಕೆ ಅಮೆರಿಕಕ್ಕೆ ಹೋಗಿ ಬರುವುದೂ ಬೇಡ. ಈ ಪ್ರತಿಯೊಂದೂ ನಿಮ್ಮ ದಿನಗಳನ್ನು ಮತ್ತೆ ಎಣಿಸಲು ಅವರಿಗೆ ಅವಕಾಶ ಕೊಡುತ್ತದೆ. ಆರೋಗ್ಯ ವಿಮೆಯ ನಿಯಮ ಪ್ರಾಂತ್ಯದಿಂದ ಪ್ರಾಂತ್ಯಕ್ಕೆ ಬೇರೆ. ಬ್ರಿಟಿಷ್ ಕೊಲಂಬಿಯಾದಲ್ಲಾದರೆ ಬಂದ ತಿಂಗಳು ಮುಗಿದು ಮತ್ತೆ 2 ತಿಂಗಳು ಕಾಯಬೇಕು. ಆ ಅಂತರಕ್ಕೆ ಖಾಸಗಿ ವಿಮೆ ಮಾಡಿಸಿಕೊಂಡೇ ಹೋಗಿ.

ಪಿಆರ್‌ಟಿಡಿ ತಿರಸ್ಕಾರವಾದರೆ ಅಪೀಲಿಗೆ 60 ದಿನ ಇದೆ, ಪತ್ರ ಕೈಸೇರಿದ ದಿನದಿಂದ. ಹಿಂದಿನ 365 ದಿನದಲ್ಲಿ ಒಮ್ಮೆಯಾದರೂ ಕೆನಡಾದಲ್ಲಿ ಇದ್ದಿದ್ದರೆ, ಅಪೀಲು ನಡೆಯುವಾಗ ಅಲ್ಲಿಗೆ ಹೋಗಲು ಪಿಆರ್‌ಟಿಡಿ ಕೇಳಬಹುದು.

ಇನ್ನು ವಾಪಸ್ ಹೋಗಿ ನೆಲೆಸುವ ಮನಸ್ಸೇ ಇಲ್ಲದವರು, ಮೊಮ್ಮಕ್ಕಳನ್ನು ನೋಡಿ ಬಂದರೆ ಸಾಕು ಅನ್ನುವ ಹಿರಿಯರು, ಇಷ್ಟೆಲ್ಲ ಕಷ್ಟಪಡಬೇಕಿಲ್ಲ. ಫಾರಂ ಐಎಂಎಂ 5782 ತುಂಬಿ ಪಿಆರ್ ಬಿಟ್ಟುಕೊಡಬಹುದು, ಅದಕ್ಕೆ ಶುಲ್ಕವಿಲ್ಲ. ಆಮೇಲೆ ವಿಸಿಟರ್ ವೀಸಾಕ್ಕೋ, ಅಲ್ಲಿರುವವರ ಅಪ್ಪ ಅಮ್ಮ, ಅಜ್ಜ ಅಜ್ಜಿಗೆಂದೇ ಇರುವ ಸೂಪರ್ ವೀಸಾಕ್ಕೋ ಅರ್ಜಿ ಹಾಕಿ. ಸೂಪರ್ ವೀಸಾದಲ್ಲಿ ಒಂದು ಸಲಕ್ಕೆ 5 ವರ್ಷದವರೆಗೂ ಮಕ್ಕಳ ಜೊತೆ ಇರಬಹುದು. ಗಂಡ ಹೆಂಡತಿ ಇಬ್ಬರೂ ಬಿಡುವುದಾದರೆ ಇಬ್ಬರಿಗೂ ಬೇರೆ ಬೇರೆ ಫಾರಂ ಬೇಕು, ಒಬ್ಬರು ಬಿಟ್ಟರೆ ಇನ್ನೊಬ್ಬರ ಪಿಆರ್ ಹಾಗೇ ಉಳಿಯುತ್ತದೆ.