ಕರಾವಳಿಯ ಮನೆಯಲ್ಲಿ ಸೌರ ಇನ್ವರ್ಟರನ್ನು ಹೊಂದಿಸಿಕೊಳ್ಳುವ ಕ್ರಮ

ತಾರಸಿಯ ಮೇಲೆ 3 ಕಿಲೋವಾಟ್‌ನ ಸೌರ ಫಲಕಗಳನ್ನು ಕೂರಿಸಿ, ವಿದ್ಯುತ್ ಕಂಪನಿ ಮೆಸ್ಕಾಂನ ನೆಟ್ ಮೀಟರ್ (ಲೈನಿಗೆ ಕೊಟ್ಟ, ಲೈನಿನಿಂದ ಪಡೆದ ವಿದ್ಯುತ್ತು ಎರಡನ್ನೂ ಅಳೆಯುವ ಮೀಟರ್) ಹಾಕಿಸಿಕೊಂಡ ಬಳಿಕ ಉಡುಪಿ, ಮಂಗಳೂರು ಕಡೆಯ ಹೆಚ್ಚಿನ ಮನೆಗಳಲ್ಲಿ, ಫಲಕದ ವಿದ್ಯುತ್ತನ್ನು ಮನೆಬಳಕೆಗೆ ಹೊಂದುವಂತೆ ಬದಲಿಸುವ ಇನ್ವರ್ಟರಿನತ್ತ ಯಾರೂ ತಿರುಗಿ ನೋಡುವುದಿಲ್ಲ. ಉತ್ಪಾದನೆ ಸಾಲದೆಂದು ಕಂಡಾಗ ಇನ್ನೆರಡು ಫಲಕ ಸೇರಿಸುವ ಯೋಚನೆ ಬರುತ್ತದೆಯೇ ಹೊರತು, ಇರುವುದನ್ನೇ ಸರಿಯಾಗಿ ಹೊಂದಿಸುವ ಯೋಚನೆ ಬರುವುದಿಲ್ಲ. ಬ್ಯಾಟರಿಯುಳ್ಳ ಹೈಬ್ರಿಡ್ ಇನ್ವರ್ಟರ್ ಇರುವವರು ಮಾಡಿಕೊಳ್ಳಬಹುದಾದ ಹೊಂದಾಣಿಕೆಗಳನ್ನು ಇಲ್ಲಿ ವಿವರಿಸಿದ್ದೇನೆ.

ಮೊದಲ ಕೆಲಸ ಅಳತೆ. ಮೋಡವಿಲ್ಲದ ಜನವರಿ, ಫೆಬ್ರವರಿಯ ಒಂದು ವಾರ, ಬೆಳಿಗ್ಗೆ 9ರಿಂದ ಸಂಜೆ 4ರವರೆಗೆ ಗಂಟೆಗೊಮ್ಮೆ ಇನ್ವರ್ಟರಿನ ಆ್ಯಪ್‌ನಲ್ಲಿ ಕಾಣುವ ಉತ್ಪಾದನೆಯನ್ನೂ ಲೈನಿನ ವೋಲ್ಟೇಜನ್ನೂ ಬರೆದಿಡಿ. ಉತ್ಪಾದನೆಯನ್ನು ಎಲ್ಲರೂ ನೋಡುತ್ತಾರೆ. ವೋಲ್ಟೇಜನ್ನು ಯಾರೂ ನೋಡುವುದಿಲ್ಲ. ಕಾಪು ಸಮೀಪದ ನಮ್ಮ ನೆಂಟರ ಮನೆಯಲ್ಲಿ, ಬಿಸಿಲು ಚೆನ್ನಾಗಿರುವ ಮಧ್ಯಾಹ್ನದ ಹೊತ್ತಿಗೇ ಇನ್ವರ್ಟರ್ ಹತ್ತಾರು ನಿಮಿಷ ಸುಮ್ಮನಾಗುತ್ತಿತ್ತು. ಫಲಕ ಹಾಳಾಗಿದೆಯೆಂದೇ ಅವರು ತಿಳಿದಿದ್ದರು. ಆದರೆ ಪರದೆಯ ಮೇಲಿದ್ದ ಸಂದೇಶ ‘ಗ್ರಿಡ್ ಓವರ್‌ವೋಲ್ಟೇಜ್’, ಅಂದರೆ ಲೈನಿನ ವೋಲ್ಟೇಜ್ ಮಿತಿ ಮೀರಿದೆ ಎಂದಿತ್ತು.

ಕಾರಣ ಸರಳವಾಗಿದೆ. ಲೈನಿನ ವೋಲ್ಟೇಜ್ 230ರ ಮೇಲೆ ಶೇಕಡಾ 10ನ್ನು, ಅಂದರೆ 253ನ್ನು ಮೀರಿದರೆ ಇನ್ವರ್ಟರ್ ಕಳಚಿಕೊಳ್ಳಲೇಬೇಕೆಂಬುದು ನಿಯಮ. ನಮ್ಮ ಮನೆಯಿಂದ ಟ್ರಾನ್ಸ್‌ಫಾರ್ಮರಿಗೆ ಕರೆಂಟು ಹಿಮ್ಮುಖವಾಗಿ ಹೋಗುವಾಗ ತಂತಿಯ ರೋಧದಿಂದಾಗಿ ನಮ್ಮ ತುದಿಯಲ್ಲಿ ವೋಲ್ಟೇಜ್ ಏರುತ್ತದೆ. 3 ಕಿಲೋವಾಟ್ ಎಂದರೆ ಸುಮಾರು 13 ಆಂಪಿಯರ್. ಹೋಗಿಬರುವ ತಂತಿಯ ರೋಧ 1 ಓಮ್ ಇದ್ದರೆ ಏರಿಕೆ 13 ವೋಲ್ಟ್. ಟ್ರಾನ್ಸ್‌ಫಾರ್ಮರಿನ ಬಳಿ ಆಗಲೇ 240 ಇದ್ದರೆ ಮನೆಯಲ್ಲಿ 253 ಆಗಿಬಿಡುತ್ತದೆ. ಲೈನಿನ ಕೊನೆಯ ಕಂಬದ ಮನೆಗಳಿಗೆ ಈ ಕಾಟ ಜಾಸ್ತಿ.

ಇದಕ್ಕೆ ಖರ್ಚಿಲ್ಲದ ಪರಿಹಾರ ಬಾವಿಯ ಪಂಪಿನಲ್ಲಿದೆ. ಬೆಳಿಗ್ಗೆ ಎದ್ದೊಡನೆ ಟ್ಯಾಂಕಿಗೆ ನೀರು ಬಿಡುವ ರೂಢಿಯನ್ನು ಬಿಟ್ಟು, ಟೈಮರ್ ಹಾಕಿ 12ರಿಂದ 1ರ ನಡುವೆ ಪಂಪು ನಡೆಯುವಂತೆ ಮಾಡಬೇಕು. 1 ಎಚ್‌ಪಿ ಪಂಪು ಹೆಚ್ಚುಕಡಿಮೆ 5 ಆಂಪಿಯರನ್ನು ಮನೆಯಲ್ಲೇ ಎಳೆದುಕೊಳ್ಳುವುದರಿಂದ, ಮೇಲಿನ ಲೆಕ್ಕದಲ್ಲಿ ವೋಲ್ಟೇಜ್ 5ರಷ್ಟು ಇಳಿಯುತ್ತದೆ. ಪಂಪು ನಿಂತ ಮೇಲೆ ವಾಷಿಂಗ್ ಮಷೀನು, ಆಮೇಲೆ ನಾಳಿನ ದೋಸೆಯ ಹಿಟ್ಟಿಗೆ ಗ್ರೈಂಡರು. ಒಟ್ಟಿಗೆ ಬೇಡ, ಒಂದರ ಹಿಂದೆ ಒಂದು. ಅಷ್ಟಾದರೂ ಸಾಲದಿದ್ದರೆ ಇನ್ವರ್ಟರಿನಿಂದ ಮೀಟರಿನವರೆಗಿನ ತಂತಿ ದಪ್ಪ ಸಾಲದೇ ಎಂದು ಎಲೆಕ್ಟ್ರೀಷಿಯನರಿಂದ ಪರೀಕ್ಷೆ ಮಾಡಿಸಿ. ವೋಲ್ಟೇಜ್ ಏರಿದಂತೆ ಉತ್ಪಾದನೆಯನ್ನು ಪೂರ್ತಿ ನಿಲ್ಲಿಸದೆ ಸ್ವಲ್ಪಸ್ವಲ್ಪವೇ ತಗ್ಗಿಸುವ ‘ವೋಲ್ಟ್-ವಾಟ್’ ಎಂಬ ಸೌಲಭ್ಯ ಹಲವು ಇನ್ವರ್ಟರುಗಳಲ್ಲಿದೆ. ಅದನ್ನು ಅಳವಡಿಸಿದವರ ಕೈಯಿಂದಲೇ, ಮೆಸ್ಕಾಂಗೆ ತಿಳಿಸಿ, ಚಾಲೂ ಮಾಡಿಸಬೇಕು. 253ರ ಮಿತಿಯನ್ನೇ ಮೇಲಕ್ಕೆ ಎಳೆದುಕೊಡುತ್ತೇವೆ ಎನ್ನುವವರ ಮಾತನ್ನು ಕೇಳಬೇಡಿ.

ಎರಡನೆಯದು ತೆಂಗಿನ ನೆರಳು. ಯಾವ ವೋಲ್ಟೇಜಿನಲ್ಲಿ ಫಲಕಗಳಿಂದ ಹೆಚ್ಚು ಶಕ್ತಿ ಸಿಗುತ್ತದೆಂದು ಇನ್ವರ್ಟರ್ ಹುಡುಕುವ ಬಗೆ, ಹಳೆಯ ರೇಡಿಯೊದಲ್ಲಿ ಆಕಾಶವಾಣಿಯನ್ನು ಹಿಡಿದಂತೆ: ಸ್ವಲ್ಪ ತಿರುಗಿಸುವುದು, ಸ್ವರ ಸ್ಪಷ್ಟವಾದರೆ ಅತ್ತಲೇ ಮುಂದುವರಿಯುವುದು, ಇಲ್ಲವಾದರೆ ಹಿಂದೆ ಬರುವುದು. ಒಂದೆರಡು ಫಲಕಗಳಿಗೆ ಮಾತ್ರ ನೆರಳು ಬಿದ್ದಾಗ ಹೀಗೆ ಶಕ್ತಿ ಏರುವ ಎರಡು ಶಿಖರಗಳು ಮೂಡುತ್ತವೆ, ಇನ್ವರ್ಟರ್ ಚಿಕ್ಕದರಲ್ಲೇ ಸಿಕ್ಕಿಕೊಳ್ಳುವುದುಂಟು. ನೆರಳಿನ ಶೋಧ ಎಂಬರ್ಥದ ಆಯ್ಕೆ ಇದ್ದರೆ ಚಾಲೂ ಮಾಡಿ. ಅದು ಆಗಾಗ ಇಡೀ ವ್ಯಾಪ್ತಿಯನ್ನು ತಡಕಿ ನೋಡುತ್ತದೆ. ಡಿಸೆಂಬರಿನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುವಾಗ, ನಮ್ಮ 13 ಡಿಗ್ರಿ ಅಕ್ಷಾಂಶದಲ್ಲಿ 15 ಮೀಟರ್ ಎತ್ತರದ ತೆಂಗಿನ ನೆರಳು ನಡುಮಧ್ಯಾಹ್ನವೂ ಸುಮಾರು 11 ಮೀಟರ್ ಚಾಚುತ್ತದೆ. ಮರ ಕಡಿಯುವುದಕ್ಕಿಂತ ಆ ಎರಡು ಫಲಕಗಳ ಜಾಗ ಬದಲಿಸುವುದು ಮೇಲು.

ಇನ್ನು ಬ್ಯಾಟರಿ. ‘ಸ್ವಂತ ಬಳಕೆ’ ಎಂಬ ಕ್ರಮದಲ್ಲಿಟ್ಟರೆ ಹಗಲಿನ ವಿದ್ಯುತ್ತು ಬ್ಯಾಟರಿಗೆ ಹೋಗಿ ರಾತ್ರಿ ಖರ್ಚಾಗುತ್ತದೆ. ಕೇಳಲು ಚೆನ್ನಾಗಿದೆ. ಆದರೆ ಕೊಟ್ಟ ಯೂನಿಟ್ಟಿಗೆ ಪಡೆದ ಯೂನಿಟ್ ವಜಾ ಆಗುವ ನೆಟ್ ಮೀಟರ್ ಇರುವಲ್ಲಿ ಇದು ನಷ್ಟದ ಬಾಬತ್ತು: 100 ಯೂನಿಟ್ ತುಂಬಿಸಿದರೆ ಮರಳಿ ಸಿಗುವುದು ಸುಮಾರು 85ರಿಂದ 90, ಜೊತೆಗೆ ಬ್ಯಾಟರಿಯ ಆಯುಷ್ಯವೂ ಸವೆಯುತ್ತದೆ. ಆದ್ದರಿಂದ ಅದನ್ನು ಕರೆಂಟು ಹೋದಾಗಿನ ಆಪದ್ಧನವಾಗಿ ಇಟ್ಟುಕೊಳ್ಳುವುದೇ ಲೇಸು. ಕೊಟ್ಟದ್ದಕ್ಕೆ ಕಡಿಮೆ ದರ ಸಿಗುವ ಬೇರೆ ಬಗೆಯ ಒಪ್ಪಂದವಿದ್ದರೆ ಲೆಕ್ಕ ಬದಲಾಗಬಹುದು. ಬಿಲ್ಲನ್ನು ಓದಿ ನಿರ್ಧರಿಸಿ.

ಬ್ಯಾಟರಿಯಲ್ಲಿ ಮೀಸಲು ಎಷ್ಟಿರಬೇಕೆಂಬುದನ್ನು ಮಳೆ ಹೇಳುತ್ತದೆ. ಜೂನ್ ಹಿಡಿದು ಆಟಿ (ಜುಲೈ–ಆಗಸ್ಟಿನ ತುಳು ತಿಂಗಳು) ಕಳೆಯುವವರೆಗೆ, ಲೈನಿನ ಮೇಲೆ ಕೊಂಬೆ ಮುರಿದು ಬೀಳುವ ದಿನಗಳಲ್ಲಿ, ಶೇಕಡಾ 80 ಇರಲಿ. 5 ಯೂನಿಟ್ಟಿನ ಬ್ಯಾಟರಿಯಲ್ಲಿ ಅದು 4 ಯೂನಿಟ್. ಬಳಸದೆ ಉಳಿಸಬೇಕಾದ ತಳದ ಶೇಕಡಾ 10ನ್ನು ಬಿಟ್ಟರೆ ಮೂರೂವರೆ. ಫ್ರಿಜ್ಜು, ಎರಡು ಫ್ಯಾನು, ನಾಲ್ಕು ದೀಪ, ವೈಫೈ ಸೇರಿ ಸರಾಸರಿ 210 ವಾಟ್ ಆದರೆ 16 ಗಂಟೆ ತಡೆಯುತ್ತದೆ. ಕರೆಂಟು ಹೋದಾಗ ಬ್ಯಾಟರಿಯಿಂದ ನಡೆಯುವ ಬ್ಯಾಕಪ್ ಲೈನಿಗೆ ಇಷ್ಟನ್ನೇ ಜೋಡಿಸಿ. ಗೀಸರ್ ಬೇಡ, ಶುರುವಾಗುವಾಗ ಹಲವು ಪಟ್ಟು ಕರೆಂಟು ಎಳೆಯುವ ಪಂಪೂ ಬೇಡ. ದೀಪಾವಳಿಯ ಹೊತ್ತಿಗೆ ಮೀಸಲನ್ನು 50ಕ್ಕೆ ಇಳಿಸಿದರೆ ಸಾಕು. ಏಪ್ರಿಲ್ ಕೊನೆಗೆ, ಗುಡುಗು ಮಿಂಚು ಆರಂಭವಾಗುವ ಮುನ್ನ, ಅರ್ಥಿಂಗ್ ಮತ್ತು ಸರ್ಜ್ ಪ್ರೊಟೆಕ್ಟರ್‌ಗಳನ್ನು (ಮಿಂಚಿನಿಂದ ವೋಲ್ಟೇಜ್ ಒಮ್ಮೆಲೇ ಜಿಗಿದಾಗ ಉಪಕರಣ ಕಾಯುವ ಸಾಧನ) ಪರೀಕ್ಷಿಸಿ ಮತ್ತೆ 80ಕ್ಕೆ ಏರಿಸಬೇಕು.